ಮೇಲ್ವಿಚಾರಣೆಯಿಲ್ಲದೆ ನಡೆದ ರಿಪೇರಿ

ಮೈಸೂರಿನಲ್ಲಿ ಸೂರ್ಯ ತಾನಾಗಿಯೇ ಹುಟ್ಟುತ್ತಾನೆಂದು ನಂಬಿದ್ದೀರಾ? ಪಾಪ! ನಮ್ಮ ಯಜಮಾನರ ಸೋದರಮಾವ ದಿನಾ ಬೆಳಗ್ಗೆ ಯಾದವಗಿರಿಯ ನಮ್ಮ ಗೇಟಿನ ಬಳಿ ಕೊಡೆ ಊರಿ ನಿಂತು ನೋಡದಿದ್ದರೆ ಅವನ ಸೋಮಾರಿತನ ನಿಮಗೂ ಗೊತ್ತಾಗುತ್ತಿತ್ತು!

ಮಾವ ರಿಟೈರಾದ ಓವರ್‌ಸಿಯರು. ಮಕ್ಕಳಿಲ್ಲದ ಅವರೂ ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ಎದುರಿಗೆ ಒಬ್ಬರು ನಿಂತು ನೋಡದಿದ್ದರೆ ಲೋಕದಲ್ಲಿ ಯಾವ ಕೆಲಸವೂ ಆಗದೆಂಬುದು ಅವರ ಸಿದ್ಧಾಂತ. ಒಮ್ಮೆ ಲಷ್ಕರ್ ಮೊಹಲ್ಲಾದಲ್ಲಿ ನಲ್ಲಿ ಪೈಪಿಗೆ ಗುಂಡಿ ತೋಡುವವರ ಮುಂದೆ ಇಡೀ ದಿನ ನಿಂತಿದ್ದರು. ಸಂಜೆ ಆಳುಗಳು ಇವರೇ ಸಾಹೇಬರೆಂದುಕೊಂಡು ಮಾರನೆಯ ದಿನಕ್ಕೆ ರಜೆ ಕೇಳಿದರಂತೆ. ಇವರು ಕೊಟ್ಟೂ ಬಂದರು!

ಅಡಿಗೆಮನೆಗೂ ಬಿಡುಗಡೆಯಿಲ್ಲ.

"ಬೇಳೆ ಯಾಕೋ ಮೈಗಳ್ಳತನ ಮಾಡ್ತಿದೆ ಕಣಮ್ಮ."

"ನೀವು ಆಚೆ ಹೋದ್ರೆ ಬೇಯುತ್ತೆ ಮಾವ. ಅದಕ್ಕೆ ನಾಚಿಕೆ!"

ಇಂಥವರು ಒಂದು ಮದುವೆಯಲ್ಲಿ ಹೋಳಿಗೆ ಬಡಿಸುವವರ ಮೇಲೆ ಕಣ್ಣಿಟ್ಟಿದ್ದು, ಕಣ್ಣಿಟ್ಟ ತಪ್ಪಿಗೆ ಹನ್ನೊಂದು ತಿಂದು, ಮನೆಗೆ ಬಂದವರೇ ಹೊಟ್ಟೆ ಹಿಡಿದು ಕುಸಿದರು. ಆಸ್ಪತ್ರೆಗೆ ಸೇರಿಸಿದೆವು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು ಡಾಕ್ಟರು. ಕಾನ್ವೆಂಟಿನ ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ: ಜಠರದ ಹಿಂದೆ ಅಡಗಿ ಕೂತ ಉದ್ದನೆಯ ಎಲೆಯಂಥದು. ಅನ್ನ ಕರಗಿಸಬೇಕಾದ ಅದರ ರಸ ಈಗ ಅದನ್ನೇ ಕರಗಿಸಲು ಹೊರಟಿದೆಯಂತೆ!

"ರಿಪೇರಿ ಯಾರು ಮಾಡ್ತಾರೆ?" ಮಾವ ನೋವಿನಲ್ಲೂ ಕೇಳಿದರು.

"ಅದೇ ಮಾಡ್ಕೊಳ್ಳುತ್ತೆ. ಉಳಿದಿರೋ ಜೀವಕೋಶಗಳು ಸುಧಾರಿಸಿಕೊಂಡು, ಬೆಳೆದು, ಕೆಟ್ಟ ಜಾಗ ತುಂಬ್ತವೆ. ಆದ್ರೆ ಅದಕ್ಕೆ ಪೂರ್ತಿ ವಿಶ್ರಾಂತಿ ಬೇಕು. ಒಂದು ತುತ್ತು ತಿಂದ್ರೂ ಅದನ್ನ ಕೆಲಸಕ್ಕೆ ಎಬ್ಬಿಸಿದ ಹಾಗೆ. ಸಾರಿನ ವಾಸನೆಗೂ ಎಚ್ಚರ ಆಗುತ್ತೆ. ಆಮೇಲೆ ಜೀವ ಉಳಿಯೋದು ಕಷ್ಟ."

"ನಿಂತು ನೋಡ್ಕೊಳ್ಳೋರು?"

"ಯಾರೂ ಬೇಡ ಕಣ್ರೀ!"

ಹೊಟ್ಟೆನೋವಿಗಿಂತ ಈ ಮಾತೇ ಮಾವನನ್ನು ಹೆಚ್ಚು ನೋಯಿಸಿತು. ಬೇರೆ ದಾರಿಯಿಲ್ಲದೆ ಗ್ಲೂಕೋಸ್ ಬಾಟಲಿಯ ಹನಿಗಳ ಮೇಲ್ವಿಚಾರಣೆಗೆ ತೊಡಗಿದರು. ಯಾವ ಹನಿ ತಡವಾಗಿ ಬಿತ್ತೆಂದು ನರ್ಸಮ್ಮನಿಗೆ ದೂರು ಬೇರೆ!

ನಾಲ್ಕನೆಯ ದಿನ ನನ್ನ ಕಣ್ಣಿಗೆ ಬಿದ್ದದ್ದು, ಮಾವನ ಜೊತೆ ಆಸ್ಪತ್ರೆಯಲ್ಲೇ ಉಳಿದಿದ್ದ ಅತ್ತೆಯ ಬಳೆ. ಮಣಿಕಟ್ಟಿನ ಮೇಲೆ ಬಿಗಿಯಾಗಿರುತ್ತಿದ್ದದ್ದು ಅಂಗೈವರೆಗೆ ಜಾರುತ್ತಿತ್ತು. ಹಾಗಾದರೆ ನಾನು ದಿನವೂ ಕಳಿಸಿದ ಕ್ಯಾರಿಯರಿನ ಊಟ ಎಲ್ಲಿ ಹೋಯಿತು? ಪಕ್ಕದ ಹಾಸಿಗೆಯವರ ಹೊಟ್ಟೆಗೆ! ಅತ್ತೆಯದು ಹಳೆಯ ಕ್ರಮ, ಮಾವ ಉಂಡೆದ್ದ ಎಲೆಯಲ್ಲೇ ಊಟ. ಮಾವನಿಗೇ ಎಲೆಯಿಲ್ಲದ ಮೇಲೆ ಅತ್ತೆಗೆಲ್ಲಿಯದು? ಮೂರು ದಿನದಿಂದ ಬರೀ ಕಾಫಿ, ನೀರು.

ಕಾಯಿಲೆಯವರ ಮುಂದೆ ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

ಮಾವ ಹನಿಗಳ ಲೆಕ್ಕ ಬಿಟ್ಟು ಅತ್ತೆಯ ಬಳೆಯನ್ನೇ ನೋಡಿದರು. ಆಮೇಲೆ, "ಊರ ಕೆಲಸವೆಲ್ಲ ನಿಂತು ನೋಡ್ದೆ. ಇದು ಕಾಣ್ಲಿಲ್ವಲ್ಲಮ್ಮ" ಎಂದರು. "ಇವಳಿಗೆ ಹೊಸ ಎಲೆ ಹಾಕು."

"ನೀವು ಉಣ್ಣದೆ ನಾನೆಂಗೆ ಉಣ್ಲಿ?" ಅತ್ತೆ ಗೋಡೆಗೆ ಮುಖ ತಿರುಗಿಸಿದರು.

"ಸರಿ ಬುಡು. ನಂಗೂ ಒಂದು ಹೋಳಿಗೆ ತರಿಸು."

ಅತ್ತೆ ಹೆದರಿ ಎಲೆಗೆ ಕೈಹಾಕಿದರು. ಮಾವ ಸಾರಿನ ವಾಸನೆ ಬಡಿಯದಂತೆ ಟವೆಲಿನಿಂದ ಮೂಗು ಕಟ್ಟಿಕೊಂಡು, ಕೊನೆಯ ಮೊಸರನ್ನದ ತುತ್ತಿನವರೆಗೂ ಕಣ್ಣು ಕೀಳದೆ ನೋಡಿದರು!

ಗ್ರಂಥಿ ವಾಸಿಯಾಯಿತು. ಯಾರೂ ನಿಂತು ನೋಡದೆಯೇ! ಆ ಅವಮಾನವನ್ನು ಮಾವ ಇನ್ನೂ ಕ್ಷಮಿಸಿಲ್ಲ.

ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಮೊದಲ ಎಲೆ ಅತ್ತೆಯದು. ಮಾವ ಹಸಿದ ಹೊಟ್ಟೆಯಲ್ಲೇ ಎದುರಿಗೆ ಕೊಡೆ ಊರಿ ಕೂರುತ್ತಾರೆ. "ಇನ್ನೊಂದು ತುತ್ತು ಬಾಕಿ ಇದೆ ಕಣೇ" ಎನ್ನುತ್ತಾರೆ. ಬೇಳೆಗೆ ಬಂದ ನಾಚಿಕೆ ಈಗ ಅತ್ತೆಗೂ ಬರುತ್ತದೆ. ಬಳೆ ಮಾತ್ರ ಈಗ ಜಾರುವುದಿಲ್ಲ.