ಟೈಲರ್ ಪಾಲಿನ ತಂಪು

ಬೆಳ್ಳಂಬೆಳಗ್ಗೆ ಕಟ್ಟಡದ ಸಂಘದ ಕಾರ್ಯದರ್ಶಿ ಮೇಷ್ಟ್ರು ಟೈಲರ್ ಮನೆಗೆ ನುಗ್ಗಿ, ಫ್ಯಾನಿನ ರೆಗ್ಯುಲೇಟರನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಭೂಮಿ ಬಿಸಿ ಏರ್ತಿದೆ ಕಣ್ರೀ. ಮನೆಗೊಂದು ಯಂತ್ರ ಬಂದ್ ಅಂತ ಸಂಘದ ತೀರ್ಮಾನ. ಎಲ್ಲರಿಗೂ ಒಂದೇ ನ್ಯಾಯ!"

ಕೆಳಗಿನ ಮಹಡಿಯ ಅಧ್ಯಕ್ಷರಿಗೆ ನಾಲ್ಕು ಎಸಿ. ಹಳೇ ಸಾಮಾನಿನ ಕೋಣೆಯ ಎಸಿ ಆರಿಸಿ, ಮಹಾ ತ್ಯಾಗ ಮಾಡಿದವರಂತೆ ಕೂತಿದ್ದರು. ತಗಡಿನ ಸೂರಿನಡಿಯ ಟೈಲರಿಗೆ ಇದ್ದದ್ದೇ ಒಂದು ಫ್ಯಾನು. ಮಧ್ಯಾಹ್ನದ ಹೊತ್ತಿಗೆ ತಿಂಗಳ ಮೊಮ್ಮಗಳ ಮೈತುಂಬ ಬೆವರುಸಾಲೆ. ಕೂಸು ಅತ್ತೂ ಅತ್ತೂ ಸುಸ್ತಾಗಿತ್ತು.

"ಊರವರ ಪ್ಯಾಂಟು ಬಿಗಿ ಮಾಡ್ತೀರಿ, ಇಲ್ಲಿ ಬಾಯಿ ಹೊಲ್ಕೊಂಡು ಕೂತಿದೀರಲ್ಲ!" ಎಂದಳು ಹೆಂಡತಿ.

ಟೈಲರ್ ಮೆಟ್ಟಿಲಿಳಿದ. ಎದುರು ಸಿಕ್ಕ ಪಕ್ಕದ ಮನೆ ಮಾವ ತಡೆದು, "ಉಸಿರಾಡೋದೂ ಭೂಮಿ ಬಿಸಿ ಲೆಕ್ಕಕ್ಕೆ ಬರತ್ತಂತೆ, ಸ್ವಲ್ಪ ಕಡಿಮೆ ಆಡಿ" ಎಂದು ಬುದ್ಧಿ ಹೇಳಿದ.

ಕೆಳಗೆ ಎಸಿ ಚಳಿಗೆ ಅಧ್ಯಕ್ಷರು ಸ್ವೆಟರ್ ಹಾಕ್ಕೊಂಡು ಕೂತಿದ್ದರು. ಪಕ್ಕದಲ್ಲಿ ಮೇಷ್ಟ್ರು. ಟೈಲರಿಗೆ ಪಿತ್ತ ನೆತ್ತಿಗೇರಿತು.

"ಡುಮ್ಮನಿಗೂ ಕಡ್ಡಿಗೂ ಒಂದೇ ಅಳತೆ ಹೊಲಿಯೋಕಾಗತ್ತಾ ಸಾರ್? ಜಾಸ್ತಿ ಬಿಸಿ ಮಾಡಿದೋರು ಜಾಸ್ತಿ ನಿಲ್ಲಿಸ್ಲಿ. ಇಲ್ಲದೋರಿಗೆ ಒಂಚೂರು ತಂಪು ಕೊಡಿ!"

ಅಧ್ಯಕ್ಷರ ಕಣ್ಣಲ್ಲಿ ನೀರಾಡಿತು. "ಛೇ, ಎಂಥಾ ಅನ್ಯಾಯ ಆಗ್ಹೋಯ್ತು! ಟೈಲರ್ ಪಾಲಿಗೂ ಒಂದು ಎಸಿ ಬರ್ಲಿ. ಸಂಜೆಯೊಳಗೆ!"

ಅಬ್ಬಾ, ಕೇಳಬೇಕೆ! ಟೈಲರ್ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದ. ಸಂಜೆ ಮೆಕ್ಯಾನಿಕ್ ಬಂದು ಕಿಟಕಿಗೆ ಹೊರಗಿನಿಂದ ಒತ್ತಿಕೊಂಡಂತೆ, ಬಾಯಿ ಒಳಕ್ಕೆ ಮಾಡಿ, ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿದ. ನೋಡೋಕೆ ಮೇಷ್ಟ್ರ ಸಮೇತ ಇಡೀ ಕಟ್ಟಡವೇ ನೆರೆಯಿತು. ಟೈಲರ್ ಕೂಸನ್ನೆತ್ತಿಕೊಂಡು ಕಿಟಕಿ ಮುಂದೆ ನಿಂತ. ಪೆಟ್ಟಿಗೆ ಗುರ್ರೆಂದಿತು. ಒಲೆ ಬಾಯಿ ತೆಗೆದ ಹಾಗೆ ಬಿಸಿಗಾಳಿ ಮುಖಕ್ಕೆ ರಾಚಿತು!

"ಅಯ್ಯಯ್ಯೋ, ಏನಪ್ಪಾ ಇದು?"

"ಇದು ಹೊರಗಡೆ ಪೆಟ್ಟಿಗೆ ಅಣ್ಣ, ಬಿಸಿ ಉಗುಳೋದು. ತಂಪು ಬಿಡೋದು ಕೆಳಗೆ ಅಧ್ಯಕ್ಷರ ಹಾಲ್‌ನಲ್ಲಿದೆ" ಎಂದ ಮೆಕ್ಯಾನಿಕ್.

"ನನ್ನ ಪಾಲಿಂದು ಅಂದ್ರಲ್ಲ!"

"ನಿಮ್ಮ ಪಾಲಿಂದೇ" ಎಂದರು ಮೇಷ್ಟ್ರು. "ತಗಡಿನ ಮನೇಲಿ ತಂಪು ನಿಲ್ಲಲ್ಲ, ದಂಡ. ಅದಕ್ಕೇ ಅರ್ಧ ಅವರಿಗೆ, ಅರ್ಧ ನಿಮಗೆ. ಸಮಪಾಲು!"

ಕೂಸು ಕಿಟಾರನೆ ಕಿರುಚಿತು. ಮೇಷ್ಟ್ರು ಕಿಟಕಿಗೆ ಕೈಯೊಡ್ಡಿ ನೋಡಿ, ಮುಖ ಗಂಭೀರ ಮಾಡಿಕೊಂಡರು.

"ಏನ್ರೀ ಇದು, ಇಡೀ ಕಟ್ಟಡದಲ್ಲಿ ನಿಮ್ಮ ಮನೆಯಷ್ಟು ಬಿಸಿ ಇನ್ನೆಲ್ಲೂ ಇಲ್ವಲ್ಲ! ಜಾಸ್ತಿ ಬಿಸಿ ಮಾಡೋರು ಜಾಸ್ತಿ ನಿಲ್ಲಿಸ್ಬೇಕು, ನ್ಯಾಯ ಅಂದ್ರೆ ನ್ಯಾಯ."

ಹಾಗೆಂದು ಟೈಲರ್ ಹೊಲಿಗೆ ಮೆಷಿನ್ನಿನ ಬೆಲ್ಟು ಬಿಚ್ಚಿಕೊಂಡು, ತಂಪಾಗಿ ಕೂರಲು ಅಧ್ಯಕ್ಷರ ಮನೆಗೆ ಇಳಿದುಹೋದರು.