ಮಿಷನ್ನಿನ ನೆರಿಗೆ ಲಂಗ

ನಾನು ಬರೆಯಲು ಕೂತರೆ ಸಾಕು, ಯಾರಾದರೂ ಕರೆಯುತ್ತಾರೆ. ಈಗಲೂ ಪೆನ್ನಿನ ಮುಚ್ಚಳ ತೆಗೆದಿದ್ದೆ ಅಷ್ಟೆ, ಹಿತ್ತಲಿಂದ ಅತ್ತೆಯ ಕೂಗು: "ಅಮ್ಮಯ್ಯಾ, ಹುಣಸೆಹಣ್ಣು ಎಲ್ಲಿಕ್ಕಿದ್ದೀಯೆ?" ಹೋಗಿ ನೋಡಿದರೆ ಹುಣಸೆಹಣ್ಣು ಅವರ ಕೈಯಲ್ಲೇ ಇತ್ತು. ವಾಪಸ್ ಬಂದರೆ ಪೆನ್ನಿನ ಮುಚ್ಚಳ ಮಗಳ ಬಾಯಲ್ಲಿತ್ತು. ಅದನ್ನು ಹೊರಕ್ಕೆ ತೆಗೆಯುವಷ್ಟರಲ್ಲಿ ಏನು ಬರೆಯಲು ಕೂತಿದ್ದೆನೋ ಅದೇ ಮರೆತುಹೋಯಿತು. ನಮ್ಮ ಸುತ್ತ ದಿನವೂ ಹೀಗೇ. ಯಾರಿಗೂ ಏನೂ ಸರಿಯಾಗಿ ಅರ್ಥವಾಗಿರುವುದಿಲ್ಲ, ಆದರೂ ಎಲ್ಲರಿಗೂ ಅವಸರ.

ಹಾಂ, ನೆನಪಾಯಿತು, ಫ್ಯಾಕ್ಟರಿಯ ಮಿಷನ್ನಿಗೆ ನಾನು ಹೊಲಿದ ಕವರುಗಳ ವಿಷಯ. ನಾನು ಕಲ್ಯಾಣದುರ್ಗದವಳು. ಹತ್ತನೇ ಕ್ಲಾಸು ಮುಗಿಸಿ ಹೊಲಿಗೆ ಕಲಿತೆ. ಮದುವೆಯಾಗಿ ಹಿಂದೂಪುರಕ್ಕೆ ಬರುವಾಗ ಅಪ್ಪ ಕೊಡಿಸಿದ ಹೊಲಿಗೆ ಮಿಷನ್ನು ಬಸ್ಸಿನ ಟಾಪಿನ ಮೇಲೆ ಬಂತು. ಅತ್ತೆಗೆ ಮೊದಲ ದಿನದಿಂದಲೂ ಅದರ ಮೇಲೆ ಕಣ್ಣು. "ಸುಮ್ನೆ ಜಾಗ ತಿಂತದೆ ಕಣಮ್ಮ. ಪರಿಗೀಲಿರೋ ನನ್ನ ಮಗಳಿಗೆ ಕೊಟ್ರೆ ನಾಕು ರವಿಕೆನಾದ್ರೂ ಹೊಲ್ಕಂತಾಳೆ," ಅನ್ನುವರು. ಕೊನೆಗೆ ಮನೆಯಲ್ಲಿ ತೀರ್ಮಾನವಾಯಿತು: ಹೊಲಿಯುವ ಕೆಲಸ ಇರುವವರೆಗೆ ಮಿಷನ್ನು ನನ್ನದು, ಕೆಲಸ ನಿಂತ ದಿನ ನಾದಿನಿಯದು. ಆಮೇಲೆ ನಾನು ಯಾವ ಕೆಲಸ ಬಂದರೂ ಬೇಡವೆನ್ನಲಿಲ್ಲ. ಅದೇ ತಪ್ಪಾಯಿತು.

೧. ಮರಿ

ನಮ್ಮ ಯಜಮಾನರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರು. ಅಲ್ಲಿಗೆ ಸಿಎನ್‌ಸಿ ಮಿಷನ್ನು ಅಂತ ಹೊಸದೊಂದು ಬಂತು. ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕಬ್ಬಿಣ ಕೊರೆಯುತ್ತದಂತೆ. ಅದರೊಳಗಿನ ನುಣ್ಣನೆಯ ಹಳಿಗಳ ಮೇಲೆ ಕಬ್ಬಿಣದ ಚೂರು, ಕೊರೆಯುವಾಗ ಸುರಿಯುವ ಎಣ್ಣೆನೀರು ಬೀಳದಂತೆ ನೆರಿಗೆ ನೆರಿಗೆಯ ಕವರೊಂದು ಇರುತ್ತದೆ. ಮಿಷನ್ನು ಆಚೆ ಸರಿದರೆ ಅದು ಹಿಗ್ಗುತ್ತದೆ, ಈಚೆ ಸರಿದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆವತ್ತು ಗೊತ್ತಿದ್ದದ್ದು ಇಷ್ಟೇ: ಇದ್ದ ಕವರ್ ಚಿಂದಿಯಾಗಿದೆ, ನಮ್ಮವರು "ನಮ್ಮನೆಯೋಳು ಹೊಲೀತಾಳೆ ಸಾರ್" ಅಂತ ಸೂಪರ್‌ವೈಸರ್ ಮುಂದೆ ಹೇಳಿ ಬಂದಿದ್ದಾರೆ.

ದಪ್ಪ ಬಟ್ಟೆಯ ಸುರುಳಿಯನ್ನು ಹೆಗಲ ಮೇಲೆ ತಂದರು. ಅಳತೆಯನ್ನು ಬಾಯಲ್ಲಿ ತಂದರು.

"ಅಗಲ ಒಂದು ಮೊಳ. ಉದ್ದ ಎರಡು ಮೊಳ, ಒಂದು ಗೇಣು. ನೆರಿಗೆ ಇರಬೇಕಂತೆ."

"ಎರಡು ಮೊಳದ ಮೇಲೆ ಒಂದು ಗೇಣಾ?"

"ಅಲ್ಲ ಕಣೇ. ಎರಡು ಮೊಳಾನೂ ಅಂದ್ರು, ಒಂದು ಗೇಣೂ ಅಂದ್ರು."

"ಹಂಗಂದ್ರೆ ಎರಡು ಕವರಾ?"

"ನನ್ನ ಕೇಳಿದ್ರೆ? ಆ ರೂಮಿನೊಳಕ್ಕೆ ನಮ್ಮನ್ನ ಇನ್ನೂ ಬಿಟ್ಟೇ ಇಲ್ಲ."

ಎರಡು ಹೊಲಿದೆ. ಒಂದು ಎರಡು ಮೊಳದ್ದು, ಇನ್ನೊಂದು ಗೇಣುದ್ದದ್ದು. ಅತ್ತೆ ನೋಡಿ, "ಯಾವ ಗೊಂಬೆಗಮ್ಮ ಈ ಲಂಗ?" ಅಂದರು. ಆವತ್ತಿಂದ ನಮ್ಮ ಮನೆಯಲ್ಲಿ ಅದರ ಹೆಸರು ಮಿಷನ್ನಿನ ಲಂಗ.

ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ದೊಡ್ಡದನ್ನು ಬಿಚ್ಚಿ, ಮಡಚಿ, ತಲೆಯಾಡಿಸಿದರಂತೆ. ಬಿಚ್ಚಿದರೆ ಎರಡು ಮೊಳ, ಮಡಚಿದರೆ ಒಂದು ಗೇಣು, ಸರಿಯಾಗಿತ್ತು. ಆಮೇಲೆ ಸಣ್ಣದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತೆಲುಗಿನಲ್ಲಿ, "ಈ ಚಿನ್ನದಿ ಎವರಿಕಯ್ಯಾ?" ಅಂತ ಕೇಳಿದರಂತೆ. ಈ ಚಿಕ್ಕದು ಯಾರಿಗಯ್ಯಾ ಅಂತ.

"ಚಿಕ್ಕ ಮಿಷನ್ನಿಗೆ ಸಾರ್," ಅಂದಿದ್ದಾರೆ ನಮ್ಮವರು ಧೈರ್ಯವಾಗಿ.

"ಇರೋದು ಒಂದೇ ಮಿಷನ್ ಕಣಯ್ಯ. ಅದಿನ್ನೂ ಮರಿ ಹಾಕಿಲ್ಲ."

೨. ದೃಷ್ಟಿ ಬೊಟ್ಟು

ಕವರ್ ಹಾಕಿ ಒಂದು ವಾರವೂ ಆಗಲಿಲ್ಲ, ಹರಿಯಿತು. ಆ ಮಿಷನ್ನು ನಡೆಸುವ ಆಪರೇಟರ್ ಮನೆಗೇ ಬಂದ. ಸೆಟ್ಟೂರು ಕಡೆಯವನು, ನಮ್ಮೂರಿಗೆ ಹತ್ತಿರ. ಮೀಸೆ ದೊಡ್ಡದು, ಭಕ್ತಿ ಅದಕ್ಕಿಂತ ದೊಡ್ಡದು. ನಾನು ಕಲ್ಯಾಣದುರ್ಗದವಳು ಅಂತ ಗೊತ್ತಾದ ಕೂಡಲೇ ಅಕ್ಕ ಅನ್ನಲು ಶುರುಮಾಡಿದ.

"ಅಕ್ಕಾ, ಮಿಷನ್ ನೋಡೋಕೆ ಬಂದೋರೆಲ್ಲ ಕವರ್ ಏನು ಚೆಂದ ಐತೆ ಅಂದ್ಬುಟ್ರು. ದಿಷ್ಟಿ ತಗುಲ್ಬುಡ್ತು. ಇನ್ನೊಂದ್ಸಲ ಹೊಲಿದ್ರೆ ಒಂದು ಬೊಟ್ಟಿಕ್ಕು."

ಕವರಿಗೆ ದೃಷ್ಟಿಯೇ ಅಂತ ನಗು ಬಂತು. ಆದರೆ ಹರಿದದ್ದು ಯಾಕೆ ಅಂತ ನನಗೂ ಗೊತ್ತಿರಲಿಲ್ಲವಲ್ಲ. ಹೊಸದು ಹೊಲಿದು, ಎರಡು ತುದಿಯಲ್ಲಿ ಸ್ಕ್ರೂಗೆ ತೂತು ಕೊರೆಯಬೇಕಾದ ಕಡೆ ಸೀಮೆಸುಣ್ಣದ ಚುಕ್ಕೆ ಇಟ್ಟೆ. ಕೊನೆಗೆ ಮಗಳ ಡಬ್ಬಿಯಿಂದ ಕಾಡಿಗೆ ತೆಗೆದು ನಟ್ಟನಡುವೆ ಒಂದು ಬೊಟ್ಟು ಇಟ್ಟು ಕಳಿಸಿದೆ.

ಸಂಜೆ ನಮ್ಮವರು ಮುಖ ಊದಿಸಿಕೊಂಡು ಬಂದರು. ನಡುವೆ ತೂತು ಬಿದ್ದು ಎಣ್ಣೆನೀರೆಲ್ಲ ಒಳಗೆ ಇಳಿದಿತ್ತಂತೆ.

"ನಡುವೆ ಯಾಕ್ರೀ ತೂತು ಬಿತ್ತು?"

"ಬೀಳಲಿಲ್ಲ. ನಾನೇ ಕೊರೆದೆ. ನೀನೇ ಚುಕ್ಕೆ ಇಟ್ಟಿದ್ಯಲ್ಲ!"

"ಅದು ದೃಷ್ಟಿ ಬೊಟ್ಟು ಕಣ್ರೀ!"

"ನಂಗೇನು ಗೊತ್ತು? ಕರೀ ಚುಕ್ಕೆ ಅಂದ್ರೆ ದೊಡ್ಡ ಸ್ಕ್ರೂ ಅನ್ಕೊಂಡೆ."

ಮನೆಯಲ್ಲಿ ನಾನು ಹೇಳಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಗಂಡ, ಫ್ಯಾಕ್ಟರಿಯಲ್ಲಿ ನಾನಿಟ್ಟ ಚುಕ್ಕೆಗೆ ಅಷ್ಟೊಂದು ಮರ್ಯಾದೆ ಕೊಡುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?

೩. ಇಲಿ

ಬೊಟ್ಟಿಲ್ಲದೆ ಮತ್ತೊಂದು ಹೊಲಿದೆ. ಅದೂ ಹರಿಯಿತು. ಈ ಸಲ ಒಂದು ವಿಷಯ ಕಂಡಿತು: ಮೊದಲನೆಯದು ಹರಿದಿದ್ದ ಜಾಗದಲ್ಲೇ, ಮುಂದಿನ ಅಂಚಿನ ಹತ್ತಿರ, ಅರ್ಧ ಚಂದ್ರನ ಹಾಗೆ ಕಿತ್ತುಕೊಂಡಿತ್ತು. ದಾರ ಸಣ್ಣದು ಅಂದರು ಸೂಪರ್‌ವೈಸರ್. ಕಬ್ಬಿಣದ ಚೂರು ಕುಯ್ದಿದೆ ಅಂದರು ನಮ್ಮವರು. ಮಂಗಳವಾರ ಹೊಲಿದಿರಬೇಕು ಅಂದ ಆಪರೇಟರ್. "ಹೊಲ್ದಿರೋಳು ಇವಳಲ್ವಾ, ಇನ್ನೇನಾಯ್ತದೆ?" ಅಂದರು ಅತ್ತೆ. ಫ್ಯಾಕ್ಟರಿಗೆ ಹೋಗದೆಯೇ ಕಾರಣ ಕಂಡುಹಿಡಿದವರು ಅವರೊಬ್ಬರೇ.

ಕೊನೆಗೆ ಇಲಿ ಕಡಿದಿದೆ ಅಂತ ಎಲ್ಲರೂ ಒಪ್ಪಿದರು. ಬಜಾರಿನಿಂದ ಇಲಿಬೋನು ತಂದು, ಒಳಗೆ ಈರುಳ್ಳಿ ಬಜ್ಜಿ ಸಿಕ್ಕಿಸಿ, ಮಿಷನ್ನಿನ ಕೆಳಗೆ ಇಟ್ಟರು. ಬೆಳಿಗ್ಗೆ ನೋಡಿದರೆ ಬಜ್ಜಿ ಇಲ್ಲ, ಇಲಿಯೂ ಇಲ್ಲ. ಮಾರನೆಯ ದಿನವೂ ಹಾಗೇ. ಭಾರೀ ಬುದ್ಧಿವಂತ ಇಲಿ ಅಂತ ಫ್ಯಾಕ್ಟರಿಯೆಲ್ಲ ಮಾತಾಯಿತು. ಮೂರನೆಯ ದಿನ ಎರಡನೇ ಶಿಫ್ಟಿನವರು ಸೂಪರ್‌ವೈಸರ್ ಹತ್ತಿರ ಹೋಗಿ, ಬಜ್ಜಿ ಇಡುವುದಾದರೆ ಬಿಸಿಯಿರುವಾಗಲೇ ಇಡಿ ಸಾರ್, ಜೊತೆಗೆ ಒಂದಿಷ್ಟು ಚಟ್ನಿಯೂ ಇರಲಿ ಅಂದರಂತೆ.

೪. ಹೂವು

ಸೂಪರ್‌ವೈಸರ್ ಮನೆಗೇ ಬಂದರು. "ಇದೇ ಕೊನೇದಮ್ಮಾ. ಇದೂ ಹರಿದ್ರೆ ಇನ್ಮೇಲೆ ಬೆಂಗಳೂರಿಂದ್ಲೇ ತರಿಸ್ಕೊಂತೀವಿ. ನಿಮಗೆ ತೊಂದರೆ ಕೊಡಲ್ಲ."

ಅತ್ತೆ ಅವರಿಗೆ ಯಾವತ್ತೂ ಇಲ್ಲದ ಸಂಭ್ರಮದಿಂದ ಕಾಫಿ ಕೊಟ್ಟರು. ಅವರು ಆಚೆ ಹೋದದ್ದೇ ತಡ, ಪರಿಗಿ ಬಸ್ಸಿನ ಕಂಡಕ್ಟರ್ ಕೈಲಿ ಮಗಳಿಗೆ ಹೇಳಿಕಳಿಸಿದರು: ಭಾನುವಾರ ಬಾ, ಹೊಲಿಗೆ ಮಿಷನ್ನು ಕಟ್ಟೋಕೆ ಗೋಣಿಚೀಲ ತಗೊಂಡು ಬಾ.

ನಾನು ಬಟ್ಟೆಯನ್ನು ಎರಡು ಪದರ ಮಾಡಿ, ಇದ್ದದ್ದರಲ್ಲಿ ಗಟ್ಟಿ ದಾರ ಹಾಕಿ ಹೊಲಿದೆ. ಸಂಜೆ ಯಜಮಾನರು ಅದನ್ನು ಬಿಗಿದು ಬಂದರು. ಬೆಳಿಗ್ಗೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅವರ ಜೊತೆ ನಾನೇ ಫ್ಯಾಕ್ಟರಿಗೆ ಹೊರಟೆ. ಹರಿಯುವುದಾದರೆ ನನ್ನ ಕಣ್ಣೆದುರೇ ಹರಿಯಲಿ. ಸೂಪರ್‌ವೈಸರ್, ಯಜಮಾನರು, ನಾನು ಮೂವರೂ ಆ ಕವರಿನ ಎದುರು ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಬೆಂಚಿನ ಮೇಲೆ ಕೂತೆವು.

ಆಪರೇಟರ್ ಬಂದ. ದಿನಾ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನು ಅವನು. ಇವತ್ತು ನಾವೇ ಮೊದಲಿದ್ದದ್ದು ನೋಡಿ ಖುಷಿಪಟ್ಟ. "ಓ, ಅಕ್ಕಾನೂ ಬಂದ್ಬುಟ್ಟವ್ಳೆ!" ಅಂದು ಚಪ್ಪಲಿ ಹೊರಗೆ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ಬಂದ. ಹೆಗಲ ಮೇಲೆ ಕನಕಾಂಬರದ ದಂಡೆ. ಮಿಷನ್ನಿಗೆ ಕುಂಕುಮ ಇಟ್ಟ. ಬಗ್ಗಿ ನನ್ನ ಕವರನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಬಲಗಾಲನ್ನು ಅದರ ಮುಂದಿನ ಅಂಚಿನ ಮೇಲೆ ಇಟ್ಟು ಹತ್ತಿ ನಿಂತ.

ಪಟಪಟನೆ ಹೊಲಿಗೆ ಬಿಚ್ಚಿತು.

"ಲೇಯ್!" ಅಂತ ಕಿರುಚಿದರು ಸೂಪರ್‌ವೈಸರ್.

"ಒಂದ್ನಿಮಿಷ ಸಾರ್, ಹೂವು ಇಕ್ಬುಟ್ಟು ಇಳೀತೀನಿ." ತಲೆ ಎತ್ತಿ ನೋಡಿದರೆ ಮಿಷನ್ನಿನ ನೆತ್ತಿಯ ಮೇಲೆ ದೇವರ ಪಟ.

ಇಳಿದ ಮೇಲೆ ಬೈಗುಳ ಶುರುವಾಯಿತು. ಅವನಿಗೆ ತುಂಬಾ ನೋವಾಯಿತು. "ಚಪ್ಪಲಿ ಬಿಟ್ಟೇ ಹತ್ತೋದು ಸಾರ್, ಕಾಲು ಬೇರೆ ತೊಳ್ಕೊಂತೀನಿ!"

"ದಿನಾ ಹತ್ತುತೀಯೇನೋ?"

"ದಿನಾನೂ ಸಾರ್. ಕವರ್ ಹರೀಬಾರ್ದು ಅಂತ ತಾನೇ ಬೇಡ್ಕೊಳ್ಳೋದು. ಹರೀತಾನೇ ಹೋಯ್ತಲ್ಲ, ಅದಕ್ಕೇ ಸಾಯಂಕಾಲಾನೂ ಒಂದ್ಸಲ ಹತ್ತೋಕೆ ಶುರುಮಾಡ್ದೆ."

ನಮ್ಮವರು ಗೋಡೆ ಕಡೆ ತಿರುಗಿಕೊಂಡರು. ಅವರ ಬೆನ್ನು ಅಲುಗಾಡುತ್ತಿತ್ತು.

"ದೇವರನ್ನ ಅಷ್ಟೆತ್ತರಕ್ಕೆ ಅಂಟಿಸಿದ ಪುಣ್ಯಾತ್ಮ ಯಾರು?" ಅಂತ ಗುಡುಗಿದರು ಸೂಪರ್‌ವೈಸರ್.

"ನೀವೇ ಸಾರ್. ಕೆಳಗಿದ್ರೆ ಎಣ್ಣೆನೀರು ಸಿಡೀತದೆ ಅಂದ್ರಲ್ಲ."

 ಆಮೇಲೆ ಸೂಪರ್‌ವೈಸರ್ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು. "ತಪ್ಪು ನಿಮ್ಮ ಹೊಲಿಗೇದಲ್ಲ ಬಿಡಮ್ಮ. ಕವರೆಲ್ಲ ಇನ್ಮೇಲೂ ನೀವೇ ಹೊಲೀರಿ. ಪಟಾನ ಕೈಗೆಟುಕೋ ಹಾಗೆ ಕೆಳಕ್ಕೆ ಇಳಿಸ್ತೀವಿ. ಎಣ್ಣೆ ಸಿಡಿಯದ ಹಾಗೆ ಅದಕ್ಕೂ ಇದೇ ಬಟ್ಟೇಲಿ ಒಂದು ಕವರ್ ಹೊಲ್ಕೊಟ್ಬಿಡಿ."

ನನ್ನ ಹೊಲಿಗೆ ಮಿಷನ್ನು ಪರಿಗಿಗೆ ಹೋಗುವುದು ತಪ್ಪಿತು. ನಾದಿನಿ ಗೋಣಿಚೀಲದಲ್ಲಿ ನಮ್ಮ ಮನೆಯ ಹುಣಸೆಹಣ್ಣು ತುಂಬಿಸಿಕೊಂಡು ಹೋದರೂ ಸರಿಯೇ ಅಂದುಕೊಂಡು, ಟೇಪು ತೆಗೆದು ಪಟದ ಅಳತೆಗೆ ನಿಂತೆ. ಆಪರೇಟರ್ ಪಟವನ್ನು ಎದೆಗವುಚಿ ಹಿಡಿದಿದ್ದ. ಟೇಪು ಹತ್ತಿರ ತಂದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದ.

"ಅಕ್ಕಾ, ದೇವ್ರಿಗೇ ಕವರ್ ಹಾಕ್ಬುಟ್ರೆ, ಮಿಷನ್ನ ನೋಡ್ಕೊಳ್ಳೋರು ಯಾರಕ್ಕಾ?"