ಆಯಸ್ಸು ಬ್ಯಾಡ, ಮಂಡಿ ಕೊಡು

ಸಾಯುವುದಕ್ಕೆ ಒಂಬತ್ತು ವರ್ಷ ಪ್ರಾಕ್ಟೀಸು ಮಾಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೇ? ನಮ್ಮ ಮನೆಯಲ್ಲಿದ್ದ. ನಮ್ಮ ತಾತ. ಗಾಬರಿ ಬೇಡ, ಇದು ಮಂಡಿನೋವಿನ ವಿಷಯ.

ನಾವು ಲಿಂಗ ಕಟ್ಟುವ ಜನ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಎಡಗೈಗೆ ಲಿಂಗ ಕೊಟ್ಟು, ಪೂಜೆಗೆ ಕೂತಂತೆಯೇ ಗುಂಡಿಯಲ್ಲಿ ಕೂರಿಸುವುದು. ತಾತನ ಬಲಮಂಡಿಯೋ, ಅರವತ್ತೆಂಟಕ್ಕೆಲ್ಲ ನೊಗದಂತೆ ಸೆಟೆದು ಬಗ್ಗುವುದನ್ನೇ ಬಿಟ್ಟಿತ್ತು. ಊರಿನಲ್ಲಿ ಇಂಥದೇ ಮಂಡಿಯವರೊಬ್ಬರನ್ನು ಒತ್ತಿ ಕೂರಿಸಿದಾಗ ಲಟಕ್ ಅಂದ ಸದ್ದನ್ನು ಕಿವಿಯಾರೆ ಕೇಳಿ ಬಂದಿದ್ದ. ಅವತ್ತಿನಿಂದ ಶುರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು, ಜಗಲಿ ಕಂಬ ಹಿಡಿದು ಇಂಚಿಂಚೇ ನೆಲಕ್ಕಿಳಿಯುತ್ತಿದ್ದ.

“ಶಿವನೇ, ಆಯಸ್ಸು ಬ್ಯಾಡ, ಮಂಡಿ ಕೊಡು. ಕಡೇ ದಿನ ನನ್ ಮಗ ಕಾಲು ಮುರೀದಂಗೆ ನೋಡ್ಕೊ.”

“ನಾನ್ಯಾಕಪ್ಪ ಮುರೀಲಿ?” ಒಳಗಿನಿಂದ ನಮ್ಮಪ್ಪ.

“ನಿಂಗೆ ತಾಳ್ಮೆ ಎಲ್ಲೈತ್ಲಾ? ಬೆಂಕಿಪೊಟ್ಣ ಹರ್ದು ಕಡ್ಡಿ ತೆಗ್ಯೋನು ನೀನು.”

ಹನಗೋಡಿನಿಂದ ಬಸ್ಸು ಹತ್ತಿಸಿ ಹುಣಸೂರಿನ ಡಾಕ್ಟರಿಗೆ ತೋರಿಸಿದೆವು. ಹೊಸ ಹುಡುಗ. “ಯಜಮಾನ್ರೇ, ಇನ್ಮೇಲೆ ನೆಲದ ಮೇಲೆ ಕೂರಲೇಬೇಡಿ. ಎಲ್ಲಾ ಕುರ್ಚಿ ಮೇಲೇ” ಅಂದ.

“ಆಯ್ತು ಡಾಕ್ಟ್ರೇ. ಕುರ್ಚಿ ಸಮೇತ ಇಳ್ಸೋಕೆ ಎಷ್ಟಡಿ ಗುಂಡಿ ತೋಡಿಸ್ಲಿ?”

ನಮ್ಮ ಪದ್ಧತಿ ಗೊತ್ತಿಲ್ಲದ ಡಾಕ್ಟರು ಮಂಡಿಯನ್ನು ಬಿಟ್ಟು ತಲೆಗೆ ಮಾತ್ರೆ ಬರೆದುಕೊಟ್ಟ.

ತಾತ ಸೋಲಲಿಲ್ಲ. “ಗಂಟೆಗಟ್ಲೆ ಕೂರೋದ್ರಲ್ಲಿ ಲಾಮಾಗಳೇ ಗಟ್ಟಿ ಕಣ್ಲಾ, ಗುಟ್ಟು ಕೇಳಾನ ನಡಿ” ಎಂದು ನನ್ನನ್ನು ಟಿಬೆಟಿಯನ್ನರ ಕ್ಯಾಂಪಿನ ಪಕ್ಕದ ಕೊಪ್ಪಕ್ಕೆ ಎಳೆದುಕೊಂಡು ಹೋದ. ಟೀ ಅಂಗಡಿಯ ಬೆಂಚಿನ ಮೇಲೆ ಮುದುಕ ಲಾಮಾ ಒಬ್ಬರು ಸಿಕ್ಕರು. ತಾತ ಮಂಡಿ ಬಡಿದು, ಆಕಾಶ ತೋರಿಸಿ, ನೆಲ ತೋರಿಸಿ ತನ್ನ ಕಷ್ಟವನ್ನೆಲ್ಲ ಕೈಸನ್ನೆಯಲ್ಲೇ ಹೇಳಿಕೊಂಡ. ಲಾಮಾ ಗಂಭೀರವಾಗಿ ನೋಡಿ, ಕೆಂಪು ನಿಲುವಂಗಿಯನ್ನು ಮೆಲ್ಲಗೆ ಮೇಲೆತ್ತಿದರು. ಎರಡೂ ಮಂಡಿಗೆ ಕ್ರೇಪ್ ಬ್ಯಾಂಡೇಜು!

“ಅಜ್ಜ, ನಂದು ಎರಡೂ ಹೋಯ್ತು” ಅಂದರು.

ಬಸ್ಸಿನುದ್ದಕ್ಕೂ ತಾತ ನಗುತ್ತಲೇ ಬಂದ. “ಮೇಲಿರೋರೆಲ್ಲ ಮಂಡಿ ವಿಷ್ಯದಲ್ಲಿ ಜಿಪುಣರೇ ಕಣ್ಲಾ.”

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರುಗಳ ದನಿಯನ್ನು ಅಣಕಿಸುವ ಭರದಲ್ಲಿ ಅವರು ಹೇಳಿದ್ದೊಂದನ್ನೂ ಕೇಳಿಸಿಕೊಳ್ಳದೆ ಪಿಯುಸಿಯನ್ನು ಎರಡು ಸಲ ಓದಿದ ಪಂಡಿತ ನಾನು. ತಾತ ಇಳಿಯುವುದು ನನ್ನ ಹೆಸರಾಂತ ಐಟಂ. ಮದುವೆ ಮನೆಗಳಲ್ಲಿ ಕೇಳಿ ಮಾಡಿಸುತ್ತಿದ್ದರು. ಒಂದು ಸಲ “ಶಿ...ವ...ನೇ” ಎಂದು ಮೂರು ಕಂತಿನಲ್ಲಿ ಇಳಿದು ತಿರುಗಿ ನೋಡಿದರೆ ಬೆನ್ನ ಹಿಂದೆ ತಾತ.

“ಎಡಗಾಲು ಮೊದ್ಲು ಕಣ್ಲಾ. ಮಾಡುದ್ರೆ ನೆಟ್ಟಗೆ ಮಾಡು. ನಾಳೆ ನಿಂಗೂ ಬೇಕಾಯ್ತದೆ.”

ಒಂದು ದಿನ ಮಂಡಿ ನಿಜಕ್ಕೂ ಬಗ್ಗಿತು. ಆ ಖುಷಿಗೆ ತಾತ ಪೂಜೆಗೆಂದು ಅಮ್ಮ ಕಟ್ಟಿಟ್ಟಿದ್ದ ಚೆಂಡುಹೂವಿನ ಹಾರವನ್ನು ತಾನೇ ಹಾಕಿಕೊಂಡು, ಗೋಡೆಗೊರಗಿ ಕಣ್ಣು ಮುಚ್ಚಿ ಕೂತುಬಿಟ್ಟ. ಮಜ್ಜಿಗೆಗೆ ಬಂದ ಪಕ್ಕದ ಮನೆ ಅಜ್ಜಿ ನೋಡಿದವಳೇ ಚೊಂಬು ಎತ್ತಿಹಾಕಿ ಬಾಯಿ ಬಡಿದುಕೊಂಡಳು.

“ಅಯ್ಯೋ, ಅಣ್ಣಯ್ಯ ಹೋಗ್ಬುಟ್ನಲ್ಲಪ್ಪ...”

ತಾತ ಒಂದೇ ಕಣ್ಣು ತೆರೆದ. “ಅಳೋದು ಆಮೇಲೆ ಕಣವ್ವ. ಮೊದ್ಲು ಮಂಡಿ ನೋಡು, ಬಗ್ಗೈತೆ.”

ಅಜ್ಜಿಗೆ ಮೂರು ದಿನ ಜ್ವರ. ತಾತನನ್ನು ಮೇಲೆಬ್ಬಿಸಲು ನಾಲ್ಕು ಆಳು ಬೇಕಾಯಿತು. “ಇಳಿಯೋದ್ರ ಜೊತೆ ಏಳೋದ್ನೂ ಕಲೀಬಾರ್ದಾ?” ಅಪ್ಪ ರೇಗಿದ.

“ಅವತ್ತು ಏಳೋ ಕೆಲ್ಸ ಇರಲ್ಲ ಬುಡು.”

ಎಪ್ಪತ್ತೇಳರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತಾತ ಹಾಸಿಗೆ ಹಿಡಿದ. ಇಳಿಯುವುದು ನಿಂತಿತು. ಮಲಗಿದಲ್ಲೇ ಮೈ ಒರೆಸಿಸಿಕೊಂಡು, ನಡುಗುವ ಎಡಗೈಯನ್ನು ಎದೆಯ ಮೇಲಿಟ್ಟು, ಅದರ ಮೇಲೆ ಲಿಂಗವಿಟ್ಟುಕೊಂಡು ಪೂಜೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಏನ್ ತಾತ, ಮಂಡಿ ಅರ್ಜಿ ವಾಪಸ್ ತಗಂಡ್ಯಾ?”

“ಊಂ ಕಣ್ಲಾ. ಅದನ್ನ ಅವನಿಗೇ ಬುಟ್ಟಿವ್ನಿ. ಈಗ ಇವತ್ತಿನ ಪೂಜೆಗಾಗೋವಷ್ಟು ಶಕ್ತಿ ಕೊಡು ಅಂತ ಕೇಳ್ತೀನಿ.”

“ನಾಳೆಗೆ?”

“ನಾಳೇದು ನಾಳೆ ಕೇಳ್ತೀನಿ.”

ನಲವತ್ತು ದಿನ ಕೇಳಿದ. ನಲವತ್ತು ದಿನವೂ ಸಿಕ್ಕಿತು. ಮಾರನೆಯ ಬೆಳಿಗ್ಗೆಯೂ ಪೂಜೆ ಮುಗಿಸಿ, ಲಿಂಗವನ್ನು ಕೊರಳಿನ ಕರಡಿಗೆಗೆ ತಾನೇ ಹಾಕಿಕೊಂಡ. ಅಮ್ಮ ಕಾಫಿ ತರುವಷ್ಟರಲ್ಲಿ ಹೋಗಿದ್ದ.

ಮೈ ತಣ್ಣಗಾಗುವ ಮೊದಲೇ ಕೂರಿಸಬೇಕು. ಗೋಡೆಗೊರಗಿಸಿದರು. ಎಲ್ಲರೂ ಬಲಮಂಡಿಯನ್ನೇ ನೋಡುತ್ತ ನಿಂತರು. ಅಪ್ಪ ಕೈ ಮುಂದೆ ಮಾಡಿ ಹಿಂದಕ್ಕೆಳೆದುಕೊಂಡು ನನ್ನ ಕಡೆ ನೋಡಿದ. ನಾನು ಪಾದ ಹಿಡಿದು ಮೆಲ್ಲಗೆ ಒಳಕ್ಕೆ ತಂದೆ. ಅರ್ಧಕ್ಕೆ ಬಂದು ನಿಂತಿತು. ಒತ್ತಲಿಲ್ಲ, ಕಾದೆ. ಆಮೇಲೆ, ನಿದ್ದೆ ಹೋದ ಮಗುವಿನ ಕಾಲಿನಂತೆ, ಸದ್ದೇ ಇಲ್ಲದೆ ಬಂತು.

ಆದರೂ ತಾತನ ಮುಖ ನೋಡಿದೆ. “ನೋವಾಯ್ತಾ ತಾತ?” ಎಂದು ಅಷ್ಟೂ ಜನರೆದುರಿಗೆ ಕೇಳಿಬಿಟ್ಟೆ.